ತವರಿಗೆ ಬಂದ ಹಕ್ಕಿ, ಕಣಕ್ಕೆ ಮರಳಿದ ಆಟಗಾರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರ ಪಾಲಿಗೆ ಮಂಡ್ಯ ಜಿಲ್ಲೆ ಈಗ ಕಿಟಕಿಯಾಚೆ ಸರಿದುಹೋಗುವ ಹಸಿರು, ಅಷ್ಟೆ. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲಂತೂ ಮದ್ದೂರಿನಲ್ಲಿ ಇಳಿದು ವಡೆ ತಿನ್ನಬೇಕಾದರೂ ಮನಸ್ಸು ಮಾಡಿ ಹಳೆಯ ರಸ್ತೆಗೆ ಹೊರಳಬೇಕು. ಆದರೆ ಈ ಜಿಲ್ಲೆಯನ್ನು ಅಲ್ಲಿನ ಶಾಲಾ ಮಕ್ಕಳ ಕಣ್ಣಿನಿಂದ ನೋಡಬೇಕೆನ್ನುವವರು ಹೆದ್ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯಬೇಕು. ಮಳವಳ್ಳಿಯಲ್ಲಿ ಹೊರಟು, ಮದ್ದೂರಿನ ಮೇಲೆ ಹಾದು, ಮಂಡ್ಯ ಸೇರಬೇಕು. ಮಳವಳ್ಳಿ ಸೀಮೆಯಲ್ಲಿ ಓಟ, ಕಬಡ್ಡಿ, ಖೋಖೋ ಆಡುವ ಹುಡುಗ ಹುಡುಗಿಯರು ಆಟದಲ್ಲಿ ಮೇಲೇರಬೇಕಾದರೆ ಕೊನೆಗೆ ಬಂದು ನಿಲ್ಲಬೇಕಾದದ್ದು ಜಿಲ್ಲಾ ಕೇಂದ್ರದ ಮೈದಾನದಲ್ಲಿ.

ಹೋಬಳಿ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಇದು ನಮ್ಮ ಶಾಲಾ ಕ್ರೀಡಾಕೂಟಗಳ ಏಣಿ. ಏಣಿ ಹತ್ತುವುದನ್ನು ಕಲಿಸುವವರು ಊರೂರಿಗೂ ಇದ್ದಾರೆ. ನಡುವೆ ಕಾಲು ಸೋತು ಅಲ್ಲ, ಮನಸ್ಸು ಸೋತು ಇಳಿದವರು ಮತ್ತೆ ಮೊದಲ ಮೆಟ್ಟಿಲ ಮೇಲೆ ಕಾಲಿಡುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಅದನ್ನು ಯೋಚಿಸಲು ಈ ಮೂರು ಊರುಗಳ ದಾರಿ ಒಳ್ಳೆಯ ನೆಪ.

ಮಳವಳ್ಳಿ: ಬೀಳುವ ನೀರು

ಮಳವಳ್ಳಿಗೆ ಹೊರಗಿನವರು ಬರುವುದು ಹೆಚ್ಚಾಗಿ ಶಿವನಸಮುದ್ರಕ್ಕಾಗಿ. ಇಲ್ಲಿ ಕಾವೇರಿ ಎರಡಾಗಿ ಸೀಳಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕಿ, ಮುಂದೆ ಮತ್ತೆ ಒಂದಾಗುತ್ತಾಳೆ. ಗಗನಚುಕ್ಕಿ ಮಳವಳ್ಳಿಯ ಕಡೆಗೆ, ಭರಚುಕ್ಕಿ ಕೊಳ್ಳೇಗಾಲದ ಕಡೆಗೆ. ಮಳೆಗಾಲದಲ್ಲಿ ಜಲಾಶಯಗಳು ತುಂಬಿ ಹರಿದಾಗ ಇಲ್ಲಿ ನಿಂತವರಿಗೆ ಪಕ್ಕದವರ ಮಾತೂ ಕೇಳಿಸದು.

1902ರಲ್ಲಿ ಇಲ್ಲಿನ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದೂ ಇದೇ ನೀರಿನಿಂದ. 'ಬಿದ್ದ ನೀರೇ ಬೆಳಕಾಯಿತು, ಹಾಗೆಯೇ ಸೋತವನೇ ಗೆಲ್ಲುತ್ತಾನೆ' ಎಂದು ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳಲು ಅನುಕೂಲವಾದ ಉದಾಹರಣೆ. ಆದರೆ ಸ್ವಲ್ಪ ನಿಧಾನಿಸಿ ನೋಡಿ. ಬಂಡೆಯ ಮೇಲೆ ಸುಮ್ಮನೆ ಅಪ್ಪಳಿಸಿದ ನೀರಿನಿಂದ ಒಂದು ದೀಪವೂ ಹತ್ತಲಿಲ್ಲ. ನದಿಯ ನೀರನ್ನು ಮೇಲೆಯೇ ತಿರುಗಿಸಿ, ಕಾಲುವೆಯಲ್ಲಿ ಕರೆತಂದು, ಕೊಳವೆಗಳಲ್ಲಿ ಹದವರಿತು ಇಳಿಸಿದ್ದರಿಂದ ಚಕ್ರ ತಿರುಗಿತು. ಬೀಳುವುದು ತನ್ನಷ್ಟಕ್ಕೆ ಯಾರನ್ನೂ ಗಟ್ಟಿ ಮಾಡುವುದಿಲ್ಲ. ಬಿದ್ದವರನ್ನು ಹಿಡಿದು ಇಳಿಸಿಕೊಳ್ಳುವ ಏರ್ಪಾಡು ಬೇಕು.

ನಮ್ಮ ಮನೆಗಳಲ್ಲಿ ಅಂಥ ಏರ್ಪಾಡು ಇದೆಯೇ? ತಾಲ್ಲೂಕು ಮಟ್ಟದಲ್ಲಿ ಚೆನ್ನಾಗಿ ಓಡಿದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮೈದಾನಕ್ಕೆ ಹೋಗುವುದು ಬಿಟ್ಟನೆಂದುಕೊಳ್ಳಿ. ಈ ಸೀಮೆಯ ಮನೆಯಲ್ಲಿ ಮಾತು ಹೀಗೆ ಸಾಗುತ್ತದೆ:

'ಯಾಕ್ಲಾ ಮಗ, ಒಂದ್ ವಾರದಿಂದ ಓಡಕ್ಕೆ ಓಯ್ತಾನೇ ಇಲ್ಲ?'

'ಯಾಕೋ ಆಯ್ತಾ ಇಲ್ಲ ಕನಪ್ಪ.'

'ಆಗ್ದೆ ಇರಕ್ಕೆ ಏನಾಗೈತೆ? ಜ್ವರ ಇಲ್ಲ, ಕಾಲು ನೋವಿಲ್ಲ. ಎದ್ದೋಗು.'

ಅಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು. ಜ್ವರಕ್ಕೆ ಮಾತ್ರೆಯಿದೆ, ಉಳುಕಿಗೆ ಪಟ್ಟಿಯಿದೆ. 'ಯಾಕೋ ಆಯ್ತಾ ಇಲ್ಲ' ಎನ್ನುವುದಕ್ಕೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ವೈದ್ಯರು ಹೇಳುವುದು ಇಷ್ಟು: ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿದ್ದರೆ, ಇಷ್ಟವಾಗಿದ್ದ ಆಟವೂ ಬೇಡವಾದರೆ, ನಿದ್ದೆ ಊಟಗಳು ಕೆಟ್ಟರೆ, ತಾನು ಯಾವುದಕ್ಕೂ ಬಾರದವನೆಂದು ಅನ್ನಿಸತೊಡಗಿದರೆ ಅದು ಸೋಮಾರಿತನವಲ್ಲ, ಖಿನ್ನತೆಯೆಂಬ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ. ಮಾತಿನ ಚಿಕಿತ್ಸೆಯುಂಟು, ಬೇಕಾದಾಗ ಔಷಧವೂ ಉಂಟು.

ಮದ್ದೂರು: ಬಾಣಂತನಕ್ಕೆ ಬರುವ ಹಕ್ಕಿಗಳು

ಮಳವಳ್ಳಿಯಿಂದ ಮದ್ದೂರಿಗೆ ಬರುವ ದಾರಿಯಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟಗಳು ಕಳೆದು ತೆಂಗು ದಟ್ಟವಾಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ದೂರದ ಊರುಗಳಿಗೆ ಹೊರಡುತ್ತವೆ. ಇಲ್ಲಿನ ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಿ. ರೈಲು ಬರುವ ಹೊತ್ತಿಗೆ ಪಕೋಡ ಮಾಡಲು ಸಮಯ ಸಾಲದೆ, ಕೈಗೆ ಸಿಕ್ಕ ಹಿಟ್ಟು ಈರುಳ್ಳಿ ಕಲಸಿ ತಟ್ಟಿ ಕರಿದದ್ದೇ ಮದ್ದೂರು ವಡೆಯಾಯಿತೆಂದು ಊರಿನವರು ಹೇಳುತ್ತಾರೆ. ಪಕ್ಕದ ಶಿವಪುರದಲ್ಲಿ 1938ರ ಧ್ವಜ ಸತ್ಯಾಗ್ರಹದ ನೆನಪಿಗೆ ಸೌಧವಿದೆ.

ನಾವು ಹುಡುಕಿ ಹೋಗಬೇಕಾದದ್ದು ಮಾತ್ರ ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ. ಪ್ರತಿವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಊರೊಳಗಿನ ಹುಣಸೆ ಮುಂತಾದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ, ಮಕ್ಕಳ ಗೋಲಿಯಾಟ. ಮೇಲೆ ಮರಿಗಳ ಗಲಾಟೆ. ಮರಿಗಳು ಬಲಿತು ಮಳೆಗಾಲ ಹಿಡಿಯುವ ಹೊತ್ತಿಗೆ ಹಕ್ಕಿಗಳು ಹೊರಟುಹೋಗುತ್ತವೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಊರಿನವರ ಕಾನೂನು ಅದಕ್ಕಿಂತ ಬಹಳ ಹಳೆಯದು. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ, ಅವುಗಳಿಗೆ ತೊಂದರೆ ಕೊಡಬಾರದು ಎಂಬುದು ಅದರ ತಿರುಳು.

ತವರೆಂದರೆ ಏನು? 'ಯಾವಾಗ ವಾಪಸು ಹೋಗ್ತೀಯೆ?' ಎಂದು ಬಂದ ದಿನವೇ ಕೇಳದ ಜಾಗ. ಅಷ್ಟೇ ಅಲ್ಲ. ಗಾಳಿಗೋ ಜಗಳಕ್ಕೋ ಗೂಡಿನಿಂದ ಕೆಳಗೆ ಬಿದ್ದ ಮರಿಗಳಿಗೆ ಇಲ್ಲೊಂದು ಏರ್ಪಾಡಿದೆ. ಊರಿನ ಯುವಕರು ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಅಂಥ ಮರಿಗಳನ್ನು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕುತ್ತ ಬಂದಿದೆ. ರೆಕ್ಕೆ ಬಲಿತ ಮೇಲೆ ಅವು ಹಾರಿಹೋಗುತ್ತವೆ. ಬಿದ್ದ ಮರಿಯನ್ನು ಯಾರೂ ಅಂದೇ ಮರದ ತುದಿಗೆ ಏರಿಸಿ 'ಹಾರು' ಎನ್ನುವುದಿಲ್ಲ. ಬೆಳ್ಳೂರಿನ ಜನಕ್ಕೆ ಇದನ್ನು ಯಾವ ಮನಶ್ಶಾಸ್ತ್ರವೂ ಕಲಿಸಬೇಕಾಗಲಿಲ್ಲ.

ಇದೇ ದಾರಿಯ ಕೊಡಗಿನ ಹುಡುಗ

ಕೊಡಗಿನಿಂದ ಬೆಂಗಳೂರಿಗೆ ಹೋಗುವ ದಾರಿಯೂ ಮಂಡ್ಯ, ಮದ್ದೂರುಗಳನ್ನು ಹಾದೇ ಹೋಗುತ್ತದೆ. ಹಾಕಿ ಕೋಲು, ಕ್ರಿಕೆಟ್ ಬ್ಯಾಟು ಹಿಡಿದು ಈ ದಾರಿಯಲ್ಲಿ ರಾಜಧಾನಿ ಸೇರಿದ ಮಕ್ಕಳಿಗೆ ಲೆಕ್ಕವಿಲ್ಲ. ರಾಬಿನ್ ಉತ್ತಪ್ಪ ಹುಟ್ಟಿದ್ದು 1985ರಲ್ಲಿ, ಕೊಡಗಿನಲ್ಲಿ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರ್. ಮಗ ಕ್ರಿಕೆಟ್ ಹಿಡಿದರು. 2006ರ ಏಪ್ರಿಲ್‌ನಲ್ಲಿ ಇಂದೋರಿನಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲೇ 86 ರನ್ ಹೊಡೆದರು. 2007ರ ಮೊದಲ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಪಾಕಿಸ್ತಾನದ ವಿರುದ್ಧದ ಪಂದ್ಯ ಸಮವಾಗಿ, ಚೆಂಡೆಸೆದು ವಿಕೆಟ್ಟಿಗೆ ಹೊಡೆಯುವ ಪರೀಕ್ಷೆ ಬಂದಾಗ ಗುರಿ ತಪ್ಪದವರಲ್ಲಿ ಅವರೂ ಒಬ್ಬರು. ಇಪ್ಪತ್ತೆರಡು ತುಂಬುವ ಮೊದಲೇ ಮನೆಮನೆಯಲ್ಲಿ ಹೆಸರು.

2008ರ ನಂತರ ಮೂರು ವರ್ಷ ಅವರಿಗೆ ಭಾರತ ತಂಡದಲ್ಲಿ ಜಾಗ ಸಿಗಲಿಲ್ಲ. ಆಗ ಒಳಗೆ ಏನು ನಡೆದಿತ್ತೆಂದು ನಮಗೆ ಗೊತ್ತಾದದ್ದು 2020ರಲ್ಲಿ, ಅವರೇ ಬಾಯಿಬಿಟ್ಟು ಹೇಳಿದಾಗ. 2009ರಿಂದ 2011ರ ವರೆಗೆ ತೀವ್ರ ಖಿನ್ನತೆ ಅವರನ್ನು ಹಿಂಡಿತ್ತು. ಬದುಕು ಮುಗಿಸುವ ಯೋಚನೆ ದಿನವೂ ಬರುತ್ತಿತ್ತು. ಪಂದ್ಯವಿದ್ದ ದಿನ ಆಟ ಹೇಗೋ ಮನಸ್ಸನ್ನು ಹಿಡಿದಿಡುತ್ತಿತ್ತು, ಪಂದ್ಯವಿಲ್ಲದ ದಿನ ಕಳೆಯುವುದೇ ಕಷ್ಟವಾಗುತ್ತಿತ್ತು ಎಂದು ಅವರು ಹೇಳಿಕೊಂಡರು. ದಿನಚರಿಯಲ್ಲಿ ತನ್ನ ಬಗ್ಗೆ ಬರೆದುಕೊಳ್ಳತೊಡಗಿದರು, ಹೊರಗಿನವರ ನೆರವು ಪಡೆದರು. ಹೀಗೆ ಮೆಲ್ಲಗೆ ದಡ ಸೇರಿದರು.

ಮುಂದಿನದು ಕರ್ನಾಟಕದ ಕ್ರಿಕೆಟ್ ಪ್ರಿಯರಿಗೆ ಬಾಯಿಪಾಠ. 2013-14ರಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಾಗ ಉತ್ತಪ್ಪ ತಂಡದಲ್ಲಿದ್ದರು. 2014ರ ಐಪಿಎಲ್‌ನಲ್ಲಿ ಕೋಲ್ಕತ್ತ ತಂಡಕ್ಕೆ ಆಡಿ 660 ರನ್ ಗಳಿಸಿ, ಎಲ್ಲರಿಗಿಂತ ಹೆಚ್ಚು ರನ್ ಮಾಡಿದವರಿಗೆ ಸಲ್ಲುವ ಕಿತ್ತಳೆ ಟೋಪಿ ಧರಿಸಿದರು. ಅದೇ ವರ್ಷ ಭಾರತ ತಂಡಕ್ಕೆ ಮತ್ತೆ ಕರೆ ಬಂತು. 2014-15ರಲ್ಲಿ ಕರ್ನಾಟಕ ರಣಜಿ ಟ್ರೋಫಿ ಉಳಿಸಿಕೊಂಡಾಗ 912 ರನ್ ಗಳಿಸಿ ಇಡೀ ದೇಶದಲ್ಲಿ ಮೊದಲಿಗರಾದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 2020ರ ಮೊದಲು ಅವರ ಆಟ ನೋಡಿದವರಿಗೆ ಹಾಳೆಯ ಮೇಲಿನ ರನ್ನು ಮಾತ್ರ ಕಾಣುತ್ತಿತ್ತು. ರನ್ ಬಂದಾಗ ಚಪ್ಪಾಳೆ, ಬಾರದಾಗ 'ತಲೆಗೇರಿದೆ' ಎಂಬ ಬೈಗುಳ. ಮಕ್ಕಳ ಅಂಕಪಟ್ಟಿಯನ್ನೂ ನಾವು ಹೀಗೆಯೇ ಓದುತ್ತೇವೆ. ಅಂಕದ ಹಿಂದಿನ ರಾತ್ರಿಗಳು ಅದರಲ್ಲಿ ಅಚ್ಚಾಗಿರುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದು, ತಂದೆ ಪ್ರಕಾಶ್ ಪಡುಕೋಣೆಯವರಂತೆ ಬ್ಯಾಡ್ಮಿಂಟನ್ ಆಡಿ, ಮುಂದೆ ನಟಿಯಾದ ದೀಪಿಕಾ ಅವರ ಕತೆಯಲ್ಲಿ ತಾಯಂದಿರಿಗೆ ಪಾಠವಿದೆ. 2014ರಲ್ಲಿ ಅವರಿಗೆ ಖಿನ್ನತೆ ಕಾಡಿದಾಗ ಮೊದಲು ಗುರುತಿಸಿದವರು ತಾಯಿ. ಮಗಳ ಅಳು ಮಾಮೂಲಿನ ಅಳುವಲ್ಲ, ವೈದ್ಯರಿಗೆ ತೋರಿಸಬೇಕು ಎಂದವರು ಅವರೇ. ಮರುವರ್ಷ ದೀಪಿಕಾ ಅದನ್ನು ಬಹಿರಂಗವಾಗಿ ಹೇಳಿದರು. ತಾಯಿ ಮಾಡಿದ್ದು ಉಪದೇಶವಲ್ಲ. ನೋಡಿದರು, ನಂಬಿದರು, ಕರೆದೊಯ್ದರು.

ಮಂಡ್ಯ: ಕಟ್ಟು ನೀರಿನ ಪಾಠ

ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಕಬ್ಬು, ಭತ್ತ, ಮತ್ತೆ ಕಬ್ಬು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಸೀಮೆಯನ್ನು ಹಸಿರು ಮಾಡಿತು. ಆದರೆ ನಾಲೆಯಲ್ಲಿ ನೀರು ಸದಾ ಹರಿಯುವುದಿಲ್ಲ. ನೀರು ಕಡಿಮೆಯಿದ್ದಾಗ ಕಟ್ಟು ಪದ್ಧತಿ: ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ರೈತರಿಗೆ ಇದು ಇಷ್ಟವಿಲ್ಲದಿರಬಹುದು, ಆದರೆ ನಿಂತ ನೀರು ಮತ್ತೆ ಬರುತ್ತದೆಂಬ ಲೆಕ್ಕ ಅವರಿಗೆ ಗೊತ್ತು. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆಯೂ ಕೆಲವು ವರ್ಷ ನಿಂತಿದ್ದು, ದುರಸ್ತಿಯಾಗಿ, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಿಂತದ್ದನ್ನೆಲ್ಲ ಮುಗಿಯಿತೆಂದು ಈ ಊರು ಬರೆದುಹಾಕುವುದಿಲ್ಲ.

ಮನಸ್ಸಿನ ಭಾರ ಈ ಜಿಲ್ಲೆಗೆ ಹೊಸದೂ ಅಲ್ಲ. 2015ರಲ್ಲಿ ಸಾಲ, ಕಬ್ಬಿನ ಬೆಲೆ ಕುಸಿತದ ನಡುವೆ ಇಲ್ಲಿನ ಎಷ್ಟೋ ಮನೆಗಳು ಯಜಮಾನರನ್ನು ಕಳೆದುಕೊಂಡವು. ಆ ಮನೆಗಳ ಮಕ್ಕಳೂ ಶಾಲೆಗೆ ಹೋಗಿದ್ದಾರೆ, ಆಟ ಆಡಿದ್ದಾರೆ, ಪರೀಕ್ಷೆ ಬರೆದಿದ್ದಾರೆ. ದೊಡ್ಡವರು ಮಾತಾಡದೆ ನುಂಗಿಕೊಂಡದ್ದು ಮಕ್ಕಳಿಗೂ ಅಭ್ಯಾಸವಾಗದಂತೆ ನೋಡಿಕೊಳ್ಳಬೇಕಾಗಿದೆ.

ಜಿಲ್ಲಾ ಮಟ್ಟದ ಕೂಟಗಳು ನಡೆಯುವ ಊರಿದು. ಊರಿನ ದೊಡ್ಡ ಕ್ರೀಡಾಂಗಣಕ್ಕೂ ಸರ್ ಎಂ. ವಿಶ್ವೇಶ್ವರಯ್ಯನವರದೇ ಹೆಸರು. ಹೋಬಳಿಯಿಂದ ಹೊರಟ ಮಗುವಿಗೆ ಇಲ್ಲಿ ನಿಲ್ಲುವುದೇ ಒಂದು ಗೆಲುವು. ಹಾಗಾದರೆ ಇನ್ನೂ ಮೇಲಿನ, ಲೋಕದ ಅತಿ ಎತ್ತರದ ಮೆಟ್ಟಿಲಿಂದ ಇಳಿದು ಮತ್ತೆ ಹೋಬಳಿ ಮಟ್ಟಕ್ಕೆ ಬಂದು ನಿಲ್ಲುವುದು ಹೇಗಿರಬಹುದು? ಅದನ್ನು ಮಾಡಿ ತೋರಿಸಿದ ಒಬ್ಬಾಕೆ ಅಮೆರಿಕದಲ್ಲಿದ್ದಾರೆ.

ಹಿಮಗಟ್ಟಿದ ನೆಲದಿಂದ ಒಂದು ಸುದ್ದಿ

ನಮ್ಮ ಊರುಗಳ ಮಕ್ಕಳು ಸಿಮೆಂಟ್ ನೆಲದ ಮೇಲೆ ಗಾಲಿ ಕಟ್ಟಿ ಸ್ಕೇಟಿಂಗ್ ಮಾಡುತ್ತಾರೆ. ಹಿಮಗಟ್ಟಿದ ನೆಲದ ಮೇಲೆ ಚೂಪಾದ ಉಕ್ಕಿನ ಅಲಗಿನ ಬೂಟು ಕಟ್ಟಿ, ಸಂಗೀತಕ್ಕೆ ತಕ್ಕಂತೆ ಜಾರುತ್ತ, ಒಂದು ಸೆಕೆಂಡೂ ಆಗದಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಮೂರು ಸುತ್ತು ಸುತ್ತಿ ಒಂದೇ ಕಾಲಿನ ಮೇಲೆ ಇಳಿಯುವ ಆಟ ಫಿಗರ್ ಸ್ಕೇಟಿಂಗ್. ಬಿದ್ದರೆ ಸಾವಿರಾರು ಜನ ನೋಡುತ್ತಾರೆ. ಬೀಳದಿದ್ದರೂ ತೀರ್ಪುಗಾರರು ಮೈಕಟ್ಟು, ನಿಲುವು, ನಡೆ ಎಲ್ಲವನ್ನೂ ಅಳೆಯುತ್ತಾರೆಂಬ ಭಯ ಆಟಗಾರ್ತಿಯರಿಗೆ ತಪ್ಪದು.

ಗ್ರೇಸಿ ಗೋಲ್ಡ್ 2014 ಮತ್ತು 2016ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ತಂಡದ ಸ್ಪರ್ಧೆಯಲ್ಲಿ ಕಂಚು, ಒಬ್ಬರೇ ಆಡುವ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ. 2016ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದಿದ್ದು, ಕೊನೆಗೆ ನಾಲ್ಕನೆಯವರಾದರು. 2017ರಲ್ಲಿ ಆಟ ನಿಲ್ಲಿಸಿ ಚಿಕಿತ್ಸೆಗೆ ಸೇರಿದರು. ಖಿನ್ನತೆ, ಆತಂಕ, ಜೊತೆಗೆ ಊಟವನ್ನೇ ಶತ್ರುವಾಗಿಸುವ ಕಾಯಿಲೆ. ತೂಕ ಇಳಿಸಲು ಊಟ ಬಿಡುವುದು ತೂಕದ ಲೆಕ್ಕವಿರುವ ಕುಸ್ತಿಯಂಥ ಆಟಗಳಲ್ಲೂ ಉಂಟು. ಆದ್ದರಿಂದ ಇದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ.

2018ರ ಕೊನೆಯಲ್ಲಿ ಗ್ರೇಸಿ ಮಾಸ್ಕೋದ ದೊಡ್ಡ ಸ್ಪರ್ಧೆಗೆ ಮರಳಿದರು. ಮೊದಲ ಸುತ್ತಿನಲ್ಲೇ ಕೊನೆಯ ಸ್ಥಾನ. ಎರಡನೆಯ ಸುತ್ತಿಗೆ ಇಳಿಯದೆ ಹಿಂದೆ ಸರಿದರು. ಬಿದ್ದ ಮರಿಯನ್ನು ಬೇಗ ಮರದ ತುದಿಗೆ ಏರಿಸಿದಂತಾಗಿತ್ತು. ಮರುವರ್ಷ ಬೇರೆ ದಾರಿ ಹಿಡಿದರು. ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು ತಮಗಿಂತ ಎಷ್ಟೋ ಕಿರಿಯರ ಸಾಲಿನಲ್ಲಿ ನಿಂತು, ಪ್ರಾದೇಶಿಕ ಸ್ಪರ್ಧೆ, ಅದರ ಮೇಲಿನ ವಲಯ ಸ್ಪರ್ಧೆಗಳನ್ನು ಒಂದೊಂದಾಗಿ ದಾಟಿದರು. ನಮ್ಮ ಲೆಕ್ಕದಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ. 2020ರ ಜನವರಿಯಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ಬಂದು ಹನ್ನೆರಡನೆಯವರಾದರು. ಪದಕವಿಲ್ಲ. ಆದರೆ ಆಟ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದು ನಿಂತದ್ದು ಹನ್ನೆರಡನೆಯ ಸ್ಥಾನಕ್ಕಲ್ಲ, ಮರಳಿ ಬಂದದ್ದಕ್ಕೆ.

ಜಿಮ್ನಾಸ್ಟಿಕ್ಸ್‌ನ ಸಿಮೋನ್ ಬೈಲ್ಸ್ 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನಸ್ಸು ಹಿಡಿತಕ್ಕೆ ಸಿಗದೆ ತಂಡದ ಫೈನಲ್ ನಡುವೆಯೇ ಹಿಂದೆ ಸರಿದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಒಬ್ಬರಿಗೆ ಚಿನ್ನ, ಒಬ್ಬರಿಗೆ 912 ರನ್, ಒಬ್ಬರಿಗೆ ಹನ್ನೆರಡನೆಯ ಸ್ಥಾನ. ಮೂವರದೂ ಮರಳುವಿಕೆಯೇ. 'ಚಿಕಿತ್ಸೆ ಕೊಡಿಸಿದರೆ ಮತ್ತೆ ಪದಕ ಬರುತ್ತದೆಯೇ?' ಎಂದು ಕೇಳುವ ಪೋಷಕರು ಈ ಮೂರನ್ನೂ ಒಟ್ಟಿಗೆ ನೋಡಬೇಕು. ಮಗು ನಗುತ್ತ ಊಟ ಮಾಡಿದರೆ, ರಾತ್ರಿ ನಿದ್ದೆ ಬಂದರೆ, ಅದೇ ಮೊದಲ ಪದಕ. ಮತ್ತೆ ಆಡಬೇಕೋ ಬೇಡವೋ ಎಂಬುದನ್ನು ಆಮೇಲೆ ಮಗುವೇ ಹೇಳಲಿ.

ನೆರವು ಎಲ್ಲಿದೆ?

'ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ' ಎಂಬುದು ನಮ್ಮಲ್ಲಿ ಬೈಗುಳವಾಗಿ ಉಳಿದಿರುವುದು ದೊಡ್ಡ ಅನ್ಯಾಯ. ಬೆಂಗಳೂರಿನ ಆ ಸಂಸ್ಥೆ ದೇಶಕ್ಕೇ ದಾರಿ ತೋರಿಸಿದೆ. ಅದು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬೆಂಗಳೂರಿನ ತನಕ ಹೋಗಬೇಕೆಂದೂ ಇಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮಳವಳ್ಳಿ, ಮದ್ದೂರಿನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮನೆಯಿಂದಲೇ ಮಾತಾಡಬೇಕೆನ್ನುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿ, ಹಣವಿಲ್ಲದೆ.

ಪೋಷಕರಿಗೂ ಗುರುಗಳಿಗೂ ಕೆಲವು ಮಾತು. 'ಏನೂ ಆಗಿಲ್ಲ ಬಿಡು' ಎನ್ನುವ ಬದಲು 'ಏನಾಗ್ತಿದೆ ಹೇಳು' ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಪಕ್ಕದ ಮನೆಯ ಮಗುವಿನ ಮಾತೆತ್ತಬೇಡಿ. ಬದುಕು ಬೇಡ ಎಂಬ ಮಾತು ಬಾಯಿಂದ ಬಂದರೆ ನಾಟಕವೆಂದು ತಿಳಿಯಬೇಡಿ. ಮಗುವನ್ನು ಒಂಟಿ ಬಿಡದೆ ಅಂದೇ ವೈದ್ಯರ ಬಳಿಗೆ ಹೋಗಿ. ಮರಳುವಾಗ ಚಿಕ್ಕ ಮೆಟ್ಟಿಲಿಂದ ಶುರುಮಾಡಿಸಿ. ಮೊದಲು ಗೆಳೆಯರೊಂದಿಗೆ ಆಟ, ಆಮೇಲೆ ಅಭ್ಯಾಸ, ಎಲ್ಲಕ್ಕೂ ಕೊನೆಗೆ ಸ್ಪರ್ಧೆ. ದೈಹಿಕ ಶಿಕ್ಷಕರು ಆ ಮಗುವಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕದೆ ಒಂದು ಸಾಲು ಖಾಲಿ ಉಳಿಸಿಕೊಂಡರೆ ಅದೇ ದೊಡ್ಡ ಔಷಧ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪಾಠದಲ್ಲೂ ಈ ಏಣಿಯಿದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಕೊಡಲಾಯಿತು. ಒಂದು ದಿನದ ಸೋಲು ವರ್ಷದ ಸೋಲಲ್ಲವೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಸರ್ಕಾರ ಒಪ್ಪಿದ್ದನ್ನು ಮನೆ ಒಪ್ಪಬಾರದೇ?

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಒಮ್ಮೆ ಬನ್ನಿ. ಗಗನಚುಕ್ಕಿ ನೋಡಿ, ವಡೆ ತಿನ್ನಿ, ಎಳನೀರು ಕುಡಿಯಿರಿ. ಹಕ್ಕಿಗಳಿರುವ ತಿಂಗಳಾದರೆ ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಕೆಳಗೆ ಒಂದು ಗಂಟೆ ಸುಮ್ಮನೆ ನಿಲ್ಲಿ. ಮಕ್ಕಳು ತಾವಾಗಿ ಏನಾದರೂ ಹೇಳತೊಡಗಿದರೆ ನಡುವೆ ಬಾಯಿ ಹಾಕಬೇಡಿ.